ಅಮ್ಮನ ಮುಖ ಸುಮ್ಮನಾದ ಎರಡು ನಿಮಿಷ

೧೯೯೮ರಲ್ಲಿ ನಾನು ಮೈಸೂರಿನ ಒಂದು ಸಂಸ್ಥೆಯಲ್ಲಿ ಶಿಶು ಮನೋವಿಜ್ಞಾನದ ರೀಡರ್ ಆಗಿದ್ದೆ. ಮಾತು ಬಾರದ ಕೂಸುಗಳು ಮನಸ್ಸಿಗಾದ ನೋವನ್ನು ನೆನಪಿಟ್ಟುಕೊಳ್ಳುತ್ತವೆಯೇ ಎಂದು ಅಳೆಯುವುದು ನಮ್ಮ ಕೆಲಸ. ಕೂಸನ್ನೇ ಕೇಳೋಣವೆಂದರೆ ಅದು ನಮ್ಮ ಕನ್ನಡಕ ಕಿತ್ತುಕೊಳ್ಳುತ್ತದೆ. ಹಾಗಾಗಿ ಅದರ ಜೊಲ್ಲನ್ನು ಕೇಳುತ್ತಿದ್ದೆವು.

ವಿಧಾನ ಸರಳ. ನಾಲ್ಕೈದು ತಿಂಗಳ ಮಗುವನ್ನು ಒರಗುವ ಪುಟ್ಟ ಕುರ್ಚಿಯಲ್ಲಿ ಕೂರಿಸಿ, ತಾಯಿ ಎದುರು ಕೂತು ಸ್ವಲ್ಪ ಹೊತ್ತು ಆಡಿಸಬೇಕು. ನಾನು ಗಾಜಿನಾಚೆಯಿಂದ ತಟ್ಟಿದ ಕೂಡಲೇ ಆಕೆ ಎರಡು ನಿಮಿಷ ನಗದೆ, ಮಾತಾಡದೆ, ಮುಖದ ಒಂದು ಗೆರೆಯನ್ನೂ ಅಲುಗಿಸದೆ ಮಗುವನ್ನೇ ನೋಡುತ್ತಿರಬೇಕು. ಮತ್ತೆ ತಟ್ಟಿದಾಗ ಎತ್ತಿ ಮುದ್ದಾಡಬಹುದು. ಇದಕ್ಕೆ ಸ್ಟಿಲ್ ಫೇಸ್ ಎಂದು ಹೆಸರು. ಮಕ್ಕಳಿಗೆ ಇದು ತಡೆಯಲಾಗದ ಸಂಕಟ. ಆಗ ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ, ಜೊಲ್ಲಿನಲ್ಲೂ ಅದು ಸಿಗುತ್ತದೆ. ಮಗುವಿನ ಬಾಯಲ್ಲಿ ಹತ್ತಿಯಾಡಿಸಿ ಜೊಲ್ಲು ತೆಗೆದು, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಲ್ಯಾಬಿಗೆ ಕಳಿಸುತ್ತಿದ್ದೆವು. ಎರಡು ವಾರದ ನಂತರ ಅದೇ ಮಗುವಿಗೆ ಅದೇ ಕುರ್ಚಿ, ಅದೇ ಎರಡು ನಿಮಿಷ. ಈ ಸಲ ಮೊದಲಿಗಿಂತ ಬೇಗ ಕಂಗೆಟ್ಟರೆ, ಕಾರ್ಟಿಸಾಲ್ ಹೆಚ್ಚು ಏರಿದರೆ, ಮಗುವಿಗೆ ನೆನಪಿದೆ ಎಂದು ತಿಳಿಯುತ್ತಿದ್ದೆವು.

ಮಕ್ಕಳನ್ನು ಹೇಗೋ ಸಂಭಾಳಿಸಬಹುದಿತ್ತು, ಅಜ್ಜಿಯರನ್ನಲ್ಲ. ಮಂಡಿ ಮೊಹಲ್ಲಾದಿಂದ ಬರಲಿ, ಗೋಕುಲಂನಿಂದ ಬರಲಿ, ತಾಯಿಯ ಹಿಂದೆಯೇ ಒಬ್ಬ ಅಜ್ಜಿ, ಅಜ್ಜಿಯ ಕೈಯಲ್ಲೊಂದು ಬುಟ್ಟಿ. ಬಾಯಲ್ಲಿ ಹಾಲಿದ್ದರೆ ಜೊಲ್ಲಿನ ಲೆಕ್ಕ ಕೆಡುತ್ತದೆ, ಅರ್ಧ ಗಂಟೆ ಹಾಲು ಬೇಡ ಎಂದರೆ ಸಾಕು, “ನಿಮಗೆ ಮಕ್ಕಳಿದಾವೇನಮ್ಮ?” ಎಂಬ ಪ್ರಶ್ನೆ ಬರುತ್ತಿತ್ತು. ಇದ್ದಾರೆ ಎಂದರೆ ಅವರಿಗೆ ಇನ್ನೂ ಆಶ್ಚರ್ಯ.

ಶೈಲಜಾ ಬಂದದ್ದು ಆ ವರ್ಷದ ಕೊನೆಯಲ್ಲಿ, ಕೃಷ್ಣಮೂರ್ತಿಪುರಂನಿಂದ. ಕಂಕುಳಲ್ಲಿ ಐದು ತಿಂಗಳ ಮಗ ಗುಂಡ, ಹೆಸರಿಗೆ ತಕ್ಕ ಕೆನ್ನೆ. ಜೊತೆಗೆ ಅತ್ತೆ ಲಲಿತಮ್ಮ, ಪ್ರೈಮರಿ ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಲಲಿತಮ್ಮ ಮಗುವನ್ನೆತ್ತಿಕೊಂಡು ವರಾಂಡಕ್ಕೆ ಹೋದ ಮೇಲೆ ಶೈಲಜಾ ನನ್ನ ಮೇಜಿನ ಹತ್ತಿರ ಬಂದಳು.

“ಮೇಡಂ, ಹೆರಿಗೆ ಆದ್ಮೇಲೆ ನಂಗೆ ಹುಷಾರಿರಲಿಲ್ಲ. ಎರಡು ತಿಂಗಳು ಇವನ ಮುಖ ನೋಡಿದ್ರೂ ಏನೂ ಅನ್ನಿಸ್ತಿರಲಿಲ್ಲ. ನಗ್ಲಿಲ್ಲ, ಮಾತಾಡಿಸ್ಲಿಲ್ಲ. ಇವನಿಗೆ ಅದು ನೆನಪಿರುತ್ತಾ?”

ಬಾಣಂತಿಯರಿಗೆ ಬರುವ ಖಿನ್ನತೆ ಅದು. ಚಿಕಿತ್ಸೆಯಿಂದ ಗುಣವಾಗಿದ್ದಳು. ಆ ಎರಡು ತಿಂಗಳು ಮಗುವಿಗೆ ಎಣ್ಣೆ ತಿಕ್ಕಿ, ನೀರೆರೆದು, ಸೊಸೆಗೂ ತುತ್ತು ತಿನ್ನಿಸಿದವರು ಲಲಿತಮ್ಮ. ನಮ್ಮ ಪ್ರಯೋಗದ ವಿಷಯ ಯಾರಿಂದಲೋ ತಿಳಿದು ಶೈಲಜಾ ತಾನಾಗಿಯೇ ಬಂದಿದ್ದಳು. ಒಂದು ಮಗುವಿನ ಅಳತೆಯಿಂದ ಇಂಥ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಆ ನಗದ ಮುಖವನ್ನು ಮತ್ತೆ ಹಾಕಿಕೊಳ್ಳುವುದು ನಿಮಗೇ ಕಷ್ಟವಾಗಬಹುದು, ಬಿಟ್ಟುಬಿಡೋಣ ಎಂದೂ ಹೇಳಿದೆ. “ಮಾಡ್ತೀನಿ ಮೇಡಂ. ನಂಗೆ ಗೊತ್ತಾಗ್ಬೇಕು,” ಎಂದಳು.

ಗುಂಡ ಮೊದಲು ನಕ್ಕ. ಆಮೇಲೆ ಕೂಗಿ ಕರೆದ, ಕಾಲು ಬಡಿದ, ತನಗೆ ಗೊತ್ತಿದ್ದ ಆಟಗಳನ್ನೆಲ್ಲ ಆಡಿ ತೋರಿಸಿದ. ಯಾವುದಕ್ಕೂ ಅಮ್ಮ ಜಗ್ಗದಿದ್ದಾಗ ತುಟಿ ಸೊಟ್ಟ ಮಾಡಿ ಬಿಕ್ಕಿಬಿಕ್ಕಿ ಅತ್ತ. ಶೈಲಜಾ ಮುಖ ಅಲುಗಿಸಲಿಲ್ಲ, ಕಣ್ಣೀರು ಮಾತ್ರ ಇಳಿಯುತ್ತಿತ್ತು. ಬೇಡವೆಂದೆನಿಸಿದರೆ ಯಾವಾಗ ಬೇಕಾದರೂ ಏಳಬಹುದು ಎಂದಿದ್ದೆ, ಅವಳು ಏಳಲಿಲ್ಲ. ಗುಂಡನ ಕಾರ್ಟಿಸಾಲ್ ಚೆನ್ನಾಗಿಯೇ ಏರಿತ್ತು.

ಗಾಜಿನಾಚೆ ನನ್ನ ಪಕ್ಕದಲ್ಲೇ ನಿಂತು ಎಲ್ಲ ನೋಡಿದ್ದ ಲಲಿತಮ್ಮ ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: “ಮುಂದಿನ ಸಲಾನೂ ಇದೇ ಪರೀಕ್ಷೆನಾ?”

“ಇದೇ.”

“ಸಿಲಬಸ್ ಏನೂ ಬದಲಾಗಲ್ಲ ತಾನೆ?”

ತಮಾಷೆ ಎಂದುಕೊಂಡು ನಕ್ಕು ಕಳಿಸಿದೆ.

ಎರಡು ವಾರದ ನಂತರ ಶೈಲಜಾ ಅದೇ ಕುರ್ಚಿಯ ಎದುರು ಕೂತು ಆಡಿಸಿದಳು, ನಾನು ತಟ್ಟಿದೆ, ಅವಳ ಮುಖ ಸುಮ್ಮನಾಯಿತು. ಗುಂಡ ಅಳಲಿಲ್ಲ. ಬೆರಳು ಬಾಯಲ್ಲಿಟ್ಟುಕೊಂಡು ಅವಳ ಮುಖವನ್ನೇ ನೋಡುತ್ತ ಕೂತ. ಒಮ್ಮೆ ಮುಲುಗಿದ, ಮತ್ತೆ ನೋಡಿದ. ಎರಡು ನಿಮಿಷ ಮುಗಿದು ಅಮ್ಮ ನಕ್ಕಾಗ ಕೇಕೆ ಹಾಕಿದ. ಅಂಥ ಮಗುವನ್ನು ನಾನು ಆವರೆಗೆ ಕಂಡಿರಲಿಲ್ಲ.

ಶೈಲಜಾ ಗುಂಡನನ್ನೆತ್ತಿಕೊಂಡು ಓಡಿಬಂದಳು. “ಇವನು ಮರೆತುಬಿಟ್ಟಿದಾನೆ ಅಲ್ವಾ ಮೇಡಂ? ಏನೂ ನೆನಪಿಲ್ಲ.” ಅವಳ ಮುಖ ಅಷ್ಟು ಹಗುರಾದದ್ದನ್ನು ನೋಡಿ ನನಗೂ ಹೌದೆನ್ನುವ ಆಸೆಯಾಯಿತು. ಜೊಲ್ಲಿನ ರಿಪೋರ್ಟ್ ಬರಲಿ ಎನ್ನುವಷ್ಟರಲ್ಲಿ ಲಲಿತಮ್ಮ ಒಳಗೆ ಬಂದರು.

“ಮರೆಯೋದೆಲ್ಲಿ ಬಂತು ಶೈಲಾ? ನೀನು ಅಡುಗೆಮನೇಲಿರೋವಾಗ ದಿನಾ ಸಾಯಂಕಾಲ ನಾನು ಪ್ರಾಕ್ಟೀಸ್ ಮಾಡಿಸಿದೀನಿ. ಹೋದ ಸಲ ಪಾಪ, ಏನೂ ಓದ್ಕೊಳ್ದೆ ಬಂದು ಫೇಲಾಗಿದ್ದ.”

ನನಗೆ ಮೈಯೆಲ್ಲ ಉರಿದುಹೋಯಿತು. ಐದು ತಿಂಗಳ ಕೂಸಿಗೆ ಟ್ಯೂಷನ್ ಕೊಟ್ಟು ಕರೆತಂದವರು ಮೈಸೂರಿನ ಹೊರಗೆ ಎಲ್ಲಿಯೂ ಇರಲಿಕ್ಕಿಲ್ಲ. ಪಟ್ಟ ಪಾಡೆಲ್ಲ ನೀರುಪಾಲು. ಏನು ಮಾಡಿಸಿದಿರಿ, ತೋರಿಸಿ ಎಂದೆ, ಸ್ವಲ್ಪ ಜೋರಾಗಿಯೇ.

ಲಲಿತಮ್ಮ ನನ್ನ ದನಿಗೆಲ್ಲ ಹೆದರುವವರಲ್ಲ. ಸೊಸೆಯ ತೊಡೆಯ ಮೇಲಿದ್ದ ಗುಂಡನ ಎದುರು ಕೂತು, ಇನ್‌ಸ್ಪೆಕ್ಟರು ಕ್ಲಾಸಿಗೆ ಬಂದಾಗ ಟೀಚರುಗಳು ಮಾಡಿಕೊಳ್ಳುವ ಮುಖ ಮಾಡಿದರು. ಗುಂಡ ಉಸಿರು ಬಿಗಿಹಿಡಿದು ನೋಡಿದ. ಅವರ ತುಟಿಯ ಅಂಚು ಸಡಿಲವಾಯಿತು, ಆಮೇಲೆ ಇಡೀ ಮುಖ ಅರಳಿತು. ಗುಂಡ ಕುಣಿದಾಡಿಬಿಟ್ಟ.

“ಮೊದಲ ದಿನ ಅತ್ತ ಕಣ್ರೀ. ತಕ್ಷಣ ನಕ್ಕುಬಿಟ್ಟೆ. ಆಮೇಲೆ ದಿನಾ ಚೂರುಚೂರೇ ತಡ ಮಾಡ್ತಾ ಬಂದೆ. ಈಗ ಕಾಯ್ತಾನೆ.”

ಕಾಯುತ್ತಾನೆ. ಆ ಮಾತು ಕೇಳಿ ನನ್ನ ಸಿಟ್ಟು ಇಳಿದುಹೋಯಿತು. ಶೈಲಜಾಳ ಮುಖ ಮಾತ್ರ ಬಾಡಿತ್ತು. “ಅಂದ್ರೆ ಮರೆತಿಲ್ಲ,” ಎಂದಳು.

ಅವಳಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. “ಇಲ್ಲಮ್ಮ, ಮರೆತಿಲ್ಲ. ಹುಟ್ಟಿದ ಹೊಸದರಲ್ಲಿ ಆಗಿದ್ದು ಇವನ ತಲೇಲಿ ಎಷ್ಟು ಉಳಿದಿದೆಯೋ ನಾನು ಹೇಳಲಾರೆ, ಯಾರೂ ಹೇಳಲಾರರು. ಆದರೆ ಈಗ ನೋಡಿದ್ರಲ್ಲ. ನಿಮ್ಮ ಮುಖ ಸುಮ್ಮನಾದಾಗ ಇವನು ಬೇರೆ ಕಡೆ ತಿರುಗಲಿಲ್ಲ. ನಿಮ್ಮನ್ನೇ ನೋಡ್ತಾ ಕೂತಿದ್ದ. ಅಮ್ಮ ಮತ್ತೆ ನಗ್ತಾಳೆ ಅನ್ನೋದೂ ಇವನಿಗೆ ನೆನಪಿದೆ.”

ಶೈಲಜಾ ಮಗನ ತಲೆ ಸವರಿದಳು. “ಅದು ಅತ್ತೆ ಕಲಿಸಿದ್ದು ಮೇಡಂ. ನಾನಲ್ಲ.”

“ಹುಚ್ಚುಹುಡುಗಿ,” ಎಂದರು ಲಲಿತಮ್ಮ. “ನಾನು ಕಲಿಸಿದ್ದು ಎರಡು ವಾರ ಕಣೇ. ನೀನು ಮೂರು ತಿಂಗಳಿಂದ ದಿನಾ ಕಲಿಸ್ತಿದೀಯ.”

ಶೈಲಜಾ ಅತ್ತೆಯ ಭುಜಕ್ಕೆ ಮುಖವೊತ್ತಿ ಅತ್ತಳು. ನಾನು ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡುವ ನೆಪದಲ್ಲಿ ಆ ಕಡೆ ತಿರುಗಿದೆ. ಇಬ್ಬರ ನಡುವೆ ಸಿಕ್ಕಿಕೊಂಡ ಗುಂಡ ಹಾಲಿಗಾಗಿ ರಂಪ ಮಾಡಿದ್ದರಿಂದ ಎಲ್ಲರೂ ಸುಧಾರಿಸಿಕೊಳ್ಳಬೇಕಾಯಿತು.

ರಿಪೋರ್ಟಿನಲ್ಲಿ ಅವನ ಕಾರ್ಟಿಸಾಲ್ ಹೆಚ್ಚೇನೂ ಏರಿರಲಿಲ್ಲ. ತಯಾರಿ ಮಾಡಿಸಿದ ಮಗುವಿನ ಅಳತೆ ಪ್ರಯೋಗಕ್ಕೆ ಸಲ್ಲದು, ಹೊರಗಿಟ್ಟೆ. ಅಂದಿನಿಂದ ಮನೆಯಲ್ಲಿ ಏನನ್ನೂ ಅಭ್ಯಾಸ ಮಾಡಿಸಬೇಡಿ ಎಂದು ಪ್ರತಿ ಅಜ್ಜಿಗೂ ಹೇಳತೊಡಗಿದೆ.

ಆಮೇಲೆ ನಿವೃತ್ತಿಯವರೆಗೂ ಎಷ್ಟೋ ತಾಯಂದಿರು ಶೈಲಜಾಳ ಪ್ರಶ್ನೆಯನ್ನೇ ಕೇಳಿದರು. ಕಾಯಿಲೆ ಬಿದ್ದವರು, ಕೆಲಸಕ್ಕಾಗಿ ಕೂಸನ್ನು ಬಿಟ್ಟುಹೋದವರು, ಸಿಟ್ಟಿನಲ್ಲಿ ಕೈ ಮಾಡಿದವರು. ಅವರ ಸಮಾಧಾನಕ್ಕಾಗಿ ‘ಮಗು ಮರೆತುಬಿಡುತ್ತೆ ಬಿಡಿ’ ಎನ್ನುವುದು ನಮ್ಮ ವೃತ್ತಿಯಲ್ಲಿ ರೂಢಿ. ನಾನು ಆ ಮಾತು ಬಿಟ್ಟೆ. ಮರೆಯುತ್ತೋ ಇಲ್ಲವೋ ಗೊತ್ತಿಲ್ಲ, ನೀವು ತಿರುಗಿ ಬಂದಿರಲ್ಲ, ಅದನ್ನೂ ಅದು ನೆನಪಿಟ್ಟುಕೊಳ್ಳುತ್ತದೆ, ಮನೆಗೆ ಹೋಗಿ ಆಡಿಸಿ ಎನ್ನುತ್ತಿದ್ದೆ.