ಊಟಕ್ಕೆ ಮೊದಲು ಒಂದು ವಿಕ್ಟೋರಿಯನ್ ಸಂಸಾರ

ಕೊಲ್ಲಿನಾಡಿನ ಮುಸಫ್ಫಾದ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿರುವ ನನ್ನ ದೊಡ್ಡಪ್ಪನಿಗೆ ಒಂದೇ ಹುಚ್ಚು: ವಿಕ್ಟೋರಿಯಾ ರಾಣಿಯ ಕಾಲದ ಒಂದು ಇಂಗ್ಲಿಷ್ ಸಂಸಾರ. ಕಂಪನಿ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಅವರ ಬಗ್ಗೆಯೇ ಓದುವುದು. ಆ ಮನೆಯ ಅಪ್ಪ ಡಾಕ್ಟರು, ಆದರೆ ರೋಗಿಗಳಿಗಿಂತ ಜೀರುಂಡೆಗಳ ಮೇಲೆ ಪ್ರೀತಿ. ಅಮ್ಮ ಜರೀಗಿಡಗಳ ಚಿತ್ರ ಬರೆಯುವವಳು. ಮಗ ಹಿತ್ತಲಲ್ಲಿ ದುರ್ಬೀನು ಕಟ್ಟಿದವ. ಮಗಳು ದಿನಾ ಬೆಳಿಗ್ಗೆ ಮಳೆ ಅಳೆಯುವವಳು.

ಕರಾಮದ ನಮ್ಮ ಕನ್ನಡ ಕೂಟದಲ್ಲಿ ಅವರ ಬಗ್ಗೆ ಮಾತಾಡಲು ದೊಡ್ಡಪ್ಪನಿಗೆ ಕೊನೆಗೂ ಅವಕಾಶ ಸಿಕ್ಕಿತು. ಮಕ್ಕಳ ಡ್ಯಾನ್ಸ್ ಮುಗಿದ ಮೇಲೆ, ಊಟಕ್ಕೆ ಮೊದಲು. ಆ ಹೊತ್ತಿನಲ್ಲಿ ಮಾತಾಡಿದವರ ಗತಿ ಎಲ್ಲರಿಗೂ ಗೊತ್ತು. ತಮ್ಮ ಮಗು ಕುಣಿದದ್ದೇ ತಡ, ಅಪ್ಪ ಅಮ್ಮ ವಿಡಿಯೋ ನಿಲ್ಲಿಸಿ ತಟ್ಟೆ ಹಿಡಿಯುತ್ತಾರೆ.

"ಖಾಲಿ ಕುರ್ಚಿಗಳಿಗೆ ಹೇಳಲಿಕ್ಕೆ ನಾನು ಇಷ್ಟು ಓದಿದ್ದಲ್ಲ ಮಾರಾಯ," ಎಂದರು ದೊಡ್ಡಪ್ಪ. "ನೀನು ಅವರ ಸ್ವರ ಮಾಡು. ಜನ ಕೂರ್ತಾರೆ."

ಊರವರ ಸ್ವರವೆಲ್ಲ ನನಗೆ ಬರುತ್ತದೆ. ಸ್ವಂತದ್ದು ಮಾತ್ರ ಪೈಪಿನಲ್ಲಿ ಸಿಕ್ಕಿಕೊಂಡ ಬೆಕ್ಕಿನ ಸ್ವರ. ವಿಕ್ಟೋರಿಯನ್ನರದ್ದು ಹೇಗಿತ್ತೋ ಯಾರಿಗೆ ಗೊತ್ತು? ಕಾರ್ಯಕ್ರಮದ ದಿನ ಕೂಟದಲ್ಲಿ ಇದ್ದವರದ್ದೇ ಹಂಚಿದೆ. ಡಾಕ್ಟರಿಗೆ ಕೂಟದ ಅಧ್ಯಕ್ಷರ ಕೆಮ್ಮು: "ಒಂದು ವಿಷಯ ಎಂತ ಅಂದ್ರೆ, ಈ ಜೀರುಂಡೆ..." ಡಾಕ್ಟರ ಹೆಂಡತಿಗೆ, ಎದುರು ಸಾಲಿನಲ್ಲೇ ಕೂತಿದ್ದ ದೊಡ್ಡಮ್ಮನ ಸ್ವರ: "ಊಟದ ಮೇಜಿನ ಮೇಲೆ ಹುಳ ಬೇಡ. ನನಗೆಂತ, ಹೇಳಿದೆ ಅಷ್ಟೆ." ತಟ್ಟೆ ಹಿಡಿದವರೂ ತಿರುಗಿ ಬಂದು ಕೂತರು, ಮುಂದಿನ ಸರದಿ ಯಾರದ್ದೆಂದು ನೋಡಬೇಕಲ್ಲ. ಆದರೆ ಆ ನಗೆಯಲ್ಲಿ ದೊಡ್ಡಪ್ಪ ಹೇಳಿದ್ದು ಒಂದೂ ಕೇಳಲಿಲ್ಲ.

ಮಗಳ ಸರದಿಗೆ ನಾನು ಗಂಟಲು ಸರಿಮಾಡಿಕೊಳ್ಳುವಾಗ ಅವರು ಮೈಕ್ ತೆಗೆದುಕೊಂಡರು. "ಖಲಾಸ್. ಇವಳದ್ದು ನಾನೇ ಹೇಳ್ತೇನೆ."

ಹೇಳಿದರು. ಜ್ವರ ಬಂದಾಗಲೂ, ಅಪ್ಪ ತೀರಿಕೊಂಡ ಬೆಳಿಗ್ಗೆಯೂ ಅವಳು ಅಂಗಳಕ್ಕೆ ಹೋಗಿ ಮಳೆ ಅಳೆದದ್ದನ್ನು, ಯಾವ ನಾಟಕವೂ ಇಲ್ಲದೆ. ಹಿಂದೆ ಬಿರಿಯಾನಿಯ ಮುಚ್ಚಳ ತೆಗೆದ ಸದ್ದು, ಬೆನ್ನಿಗೇ ಪರಿಮಳ. ಯಾರೂ ಏಳಲಿಲ್ಲ.

ಆಗ ದೊಡ್ಡಮ್ಮ ಕೈ ಎತ್ತಿದರು. ನನ್ನ ಲೆಕ್ಕ ಚುಕ್ತಾ ಮಾಡಲಿಕ್ಕೇ ಅಂದುಕೊಂಡು ನಾನು ಪರದೆಯ ಹಿಂದೆ ಸರಿದೆ.

"ಅಪ್ಪನಿಗೆ ಹುಳ, ಅಮ್ಮನಿಗೆ ಚಿತ್ರ, ಮಗನಿಗೆ ನಕ್ಷತ್ರ, ಮಗಳಿಗೆ ಮಳೆ. ಸರಿ. ಆ ಮನೆಯಲ್ಲಿ ಪಾತ್ರೆ ತೊಳೆಯುವುದು ಯಾರು?"

"ಅದಕ್ಕೆ ಕೆಲಸದವರಿದ್ದರು," ಎಂದರು ದೊಡ್ಡಪ್ಪ.

"ಅವರಿಗೆ ಎಂತದರಲ್ಲಿ ಆಸಕ್ತಿ ಇತ್ತು?"

ದೊಡ್ಡಪ್ಪ ಇಷ್ಟು ವರ್ಷ ಓದಿದ್ದರಲ್ಲಿ ಅದೊಂದು ಇರಲಿಲ್ಲ. ಸಭೆಯೆಲ್ಲ ಊಟ ಮರೆತು ಅವರ ಬಾಯಿಯನ್ನೇ ನೋಡುತ್ತಿತ್ತು.

"ಗೊತ್ತಿಲ್ಲ," ಎಂದರು ಅವರು, ಬಹುಮಾನ ಸಿಕ್ಕಿದವರ ಹಾಗೆ ನಗುತ್ತಾ.