ಬಲಗಡೆ ಕೇಳಿದಳು, ಸ್ವಾಮಿ ಎಡಗಡೆ ಕೊಟ್ಟ

ಭಕ್ತ ಬಂಧುಗಳೇ, ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ, ತಡೆಯಲು ಆಗುತ್ತಿಲ್ಲ. ನನ್ನ ಮೊಮ್ಮಗಳು ಚೈತ್ರಾ ಮೈಸೂರಿನಲ್ಲಿ ಡಾಕ್ಟರ್ ಓದಲು ಸೇರಿದಳು. ನಿನ್ನೆ ಅಪ್ಪ ಮಗಳು ಹೋಗಿ ಫೀಸು ಕಟ್ಟಿ ಹೆಸರು ಬರೆಸಿ, ಇವತ್ತು ಮಧ್ಯಾಹ್ನ ಶಿಕಾರಿಪುರದಲ್ಲಿ ಬಸ್ಸಿಳಿದು ಮನೆಗೆ ಬಂದರು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ನನ್ನ ಮಗಳನ್ನು ಸೊರಬದ ಉಳವಿಗೆ ಕೊಟ್ಟಿದೆ. ಚೈತ್ರಾ ಹೈಸ್ಕೂಲಿನಿಂದ ನಮ್ಮ ಜೊತೆ ಶಿಕಾರಿಪುರದಲ್ಲೇ ಇದ್ದು ಓದಿದವಳು. ಈ ಸಲ ಅವಳಿಗೆ ಎರಡು ಕಡೆ ಸೀಟು ಬಂತು. ಒಂದು ಶಿವಮೊಗ್ಗ, ಒಂದು ಮೈಸೂರು. ಸೋಮವಾರದೊಳಗೆ ಯಾವುದಾದರೂ ಒಂದನ್ನು ಒಪ್ಪಿಕೊಳ್ಳಬೇಕು, ಒಪ್ಪಿದ ಮೇಲೆ ಇನ್ನೊಂದು ಕೈತಪ್ಪುತ್ತದೆ. ಚಿಕ್ಕಂದಿನಿಂದ ಮೈಸೂರಿನ ದೊಡ್ಡಾಸ್ಪತ್ರೆಯಲ್ಲೇ ಕಲಿಯಬೇಕು ಅನ್ನುತ್ತಿದ್ದ ಹುಡುಗಿ, ಸೀಟು ಕೈಗೆ ಬಂದಾಗ ಶಿವಮೊಗ್ಗ ಸಾಕು ಅಂದಳು. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ ಅಂದಳು. ಅಳಿಯಂದಿರು ಬೈದರು, ಮಗಳು ಅತ್ತಳು. ಯಾರು ಕೇಳಿದರೂ ಕಾರಣ ಹೇಳಲಿಲ್ಲ. ತಟ್ಟೆಯ ಮುಂದೆ ಕೂತು ಅನ್ನ ಕಲಸಿಕೊಂಡು ಹಾಗೇ ಏಳುವಳು. ಹಾಸ್ಟೆಲ್ಲಿಗೆ ಹೆದರಿದ್ದಾಳೆ ಅಂದುಕೊಂಡೆ. ನನಗೆ ನಿದ್ದೆ ಬರದಾಯಿತು.

ಕೊನೆಗೆ ಶನಿವಾರ ಎಲ್ಲರೂ ಸೊರಬದ ಕಡೆಯ ನಮ್ಮ ಮನೆದೇವರು ವೀರಭದ್ರಸ್ವಾಮಿಯ ಹತ್ತಿರ ಹೂ ಕೇಳಲು ಹೋದೆವು. ಸ್ವಾಮಿಯ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ನಮ್ಮಲ್ಲಿ ಕೇಳುವವರು ಬಾಯಿ ಬಿಟ್ಟೇ ಕೇಳಬೇಕು. ಮನಸ್ಸಿನಲ್ಲಿ ಕೇಳಿದ್ದಕ್ಕೆ ಹೂ ಬೀಳುವುದಿಲ್ಲ ಅನ್ನುತ್ತಾರೆ ಹಿರಿಯರು.

ಚೈತ್ರಾ ನಮ್ಮನ್ನೆಲ್ಲ ಒಮ್ಮೆ ನೋಡಿ ತಲೆ ತಗ್ಗಿಸಿದಳು. ಪೂಜಾರರು, "ಹೇಳವ್ವ, ಸ್ವಾಮಿ ಮುಂದೆ ಎಂಥಾ ನಾಚಿಕೆ" ಅಂದರು.

ಅವಳು ಕಣ್ಣು ಮುಚ್ಚಿ, "ಶಿವಮೊಗ್ಗಕ್ಕೇ ಹೋಗು ಅಂತ ಬಲಗಡೆ ಹೂ ಕೊಡು ತಂದೆ. ಮೈಸೂರಿಗೆ ಹೋದ್ರೆ ನಮ್ಮಜ್ಜಿಗೆ ದಿನಾ ಸೂಜಿ ಯಾರ್ ಹಾಕ್ತಾರೆ?" ಅಂದಳು.

ನನಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಸೂಜಿಯ ಸಣ್ಣ ಗೆರೆ ನನಗೂ ಕಾಣದು, ನಮ್ಮ ಯಜಮಾನರಿಗೋ ಸೂಜಿ ಕಂಡರೆ ಆಗದು, ಹೊರಗೆ ಎದ್ದು ಹೋಗುತ್ತಾರೆ. ಎರಡು ಹೊತ್ತೂ ಹಾಕುತ್ತಿದ್ದವಳು ಅವಳೇ. ಆ ಮಗು ಇದನ್ನು ಎದೆಯಲ್ಲಿಟ್ಟುಕೊಂಡು ಕೊರಗುತ್ತಿದೆ ಅಂತ ನನಗೆ ಹೊಳೆದೇ ಇರಲಿಲ್ಲ. ಪಕ್ಕದ ಕಂಬ ಹಿಡಿದುಕೊಂಡೆ. ಸ್ವಾಮಿ, ಅವಳು ನನ್ನ ಸಲುವಾಗಿ ಕೇಳುತ್ತಿದ್ದಾಳೆ, ಕೊಡಬೇಡ ಅಂತ ಒಳಗೊಳಗೇ ಬೇಡಿಕೊಂಡೆ. ಬಾಯಿ ಬಿಡಲು ಧೈರ್ಯ ಬರಲಿಲ್ಲ.

ಹೂ ಬೀಳಲಿಲ್ಲ. ಪೂಜಾರರು ಮತ್ತೆ ಕರ್ಪೂರ ಹಚ್ಚಿದರು. ಬೀಳಲಿಲ್ಲ. ಸ್ವಾಮಿ ಇವತ್ತು ಏನೂ ಹೇಳಲೊಲ್ಲ ಅಂತ ಅಳಿಯಂದಿರು ಚಪ್ಪಲಿ ಹುಡುಕಲು ಹೊರಟರು. ಆಗ ಎಡಭುಜದ ಸೇವಂತಿಗೆ ಮೆಲ್ಲಗೆ ಜಾರಿ ಪಾದದ ಮೇಲೆ ಬಿತ್ತು. ಬಾಯಿ ಬಿಡದೆ ಕೇಳಿದ್ದನ್ನೂ ಆ ತಂದೆ ಕೇಳಿಸಿಕೊಂಡಿದ್ದ.

ಚೈತ್ರಾ ಬಿಕ್ಕಿಬಿಕ್ಕಿ ಅಳತೊಡಗಿದಳು. ಮೂಲೆಯಲ್ಲಿ ನಿಂತಿದ್ದ ನಮ್ಮ ಯಜಮಾನರು ಮುಂದೆ ಬಂದು, "ಅಳಬ್ಯಾಡ ತಗಾ. ನಾ ಹಾಕ್ತೀನಿ ಸೂಜಿ. ಎಮ್ಮೆಗೆ ಡಾಕ್ಟ್ರು ಹಾಕೋದು ನೋಡಿಲ್ಲೇನು ನಾನು?" ಅಂದರು.

ಅವಳು ಅಳುತ್ತಲೇ, "ಅಜ್ಜಿ ಎಮ್ಮೆ ಅಲ್ಲಜ್ಜ" ಅಂದಳು. ಪೂಜಾರರೂ ನಕ್ಕರು.

ಅವತ್ತು ಸಂಜೆಯೇ ಅವಳು ಅಜ್ಜನನ್ನು ಕೂರಿಸಿಕೊಂಡು ಕಲಿಸಿದಳು. ಮೊದಲ ಸಲ ಹಾಕುವಾಗ ಅವರು ಬೆವೆತು ನೀರಾದರು, ನನಗೇ ಅವರ ಮೇಲೆ ಕನಿಕರ ಬಂತು. ಈಗ ನಾನು ಕರೆಯುವ ಮೊದಲೇ ಸೂಜಿ ಹಿಡಿದು ಬರುತ್ತಾರೆ. ಮದುವೆಯಾದಾಗಿನಿಂದ ನನಗೆ ಒಂದು ಲೋಟ ನೀರು ತಂದುಕೊಟ್ಟವರಲ್ಲ. ಇದೂ ಸ್ವಾಮಿಯ ಕೃಪೆಯೇ. ಕೇಳಿದ್ದನ್ನು ಕೊಡದೆಯೂ ಅವನು ಕಾಪಾಡುತ್ತಾನೆ ಅಂತ ಈ ವಯಸ್ಸಿನಲ್ಲಿ ತಿಳಿಯಿತು. ನಿಮ್ಮ ಹೂವೂ ಎಡಗಡೆ ಬಿದ್ದಿದ್ದರೆ ಎದೆಗುಂದಬೇಡಿ.

ಇವತ್ತು ಸಂಜೆ ಉಳವಿಯಿಂದ ಮಗಳೂ ಬಂದಳು. ಹೋಳಿಗೆ ಮಾಡಿದೆವು. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಚೈತ್ರಾ ನನ್ನ ಪಕ್ಕ ಕೂತು, ನನ್ನ ತಟ್ಟೆಯ ಹೋಳಿಗೆಯನ್ನು ಅರ್ಧ ಮುರಿದು ತನ್ನ ತಟ್ಟೆಗೆ ಹಾಕಿಕೊಂಡಳು. ನನ್ನ ಉಳಿದರ್ಧಕ್ಕೆ ತುಪ್ಪ ಹಾಕಿದಳು. ಮೊನ್ನೆವರೆಗೂ ಅನ್ನ ಉಣ್ಣದೆ ಏಳುತ್ತಿದ್ದ ಆ ಹುಡುಗಿ ಇನ್ನೊಂದು ಹೋಳಿಗೆ ಹಾಕು ಅಂತ ಅಮ್ಮನನ್ನು ಕರೆದಳು.