ಇಪ್ಪತ್ನಾಲ್ಕು ಪಾದಗಳು

ಎನಾಮಲ್ ಬೇಸಿನ್ನಿಗೆ ಮಗ್ ತಗಲುವ ಠಣ್ ಸದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಈಸ್ಟರ್ ರಜೆಗೆ ಮುಂಚೆ ಕಾನ್ವೆಂಟಿನ ನಮ್ಮ ಮಾರಲ್ ಸೈನ್ಸ್ ಸಿಸ್ಟರ್ ಮಂಡಿಯೂರಿ ಹನ್ನೆರಡು ಹುಡುಗಿಯರ ಕಾಲು ತೊಳೆಯುತ್ತಿದ್ದರು. ಯೇಸು ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ. ನನ್ನ ಸರದಿ ಬಂದಾಗ ನಾನು ಎದ್ದು ಓಡಿದೆ. ದೊಡ್ಡವರು ನಮ್ಮ ಕಾಲು ಮುಟ್ಟಿದರೆ ನಮ್ಮ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅಜ್ಜಿ ಹೇಳಿದ್ದರು. ಸಿಸ್ಟರ್ ನಕ್ಕರು. "ಅಧಿಕಾರ ಇರೋರೇ ಬಗ್ಗಬೇಕು ಮಗು. ಥಿಯಾಲಜಿ ಅಂದ್ರೆ ಇಷ್ಟೇ." ನನಗೆ ಅದು ಪ್ಯೂರ್ ಡ್ರಾಮಾ ಅನ್ನಿಸಿತ್ತು.

ಹೋದ ಎಲೆಕ್ಷನ್ ಹೊತ್ತಿಗೆ ಸಿಸ್ಟರ್‌ಗೆ ತೊಂಬತ್ತು ದಾಟಿತ್ತು. ಜೆ.ಪಿ. ನಗರದಲ್ಲಿ ನಮ್ಮ ಪಕ್ಕದ ರಸ್ತೆಯಲ್ಲೇ, ವಯಸ್ಸಾದ ನನ್‌ಗಳ ಮನೆಯಲ್ಲಿದ್ದರು. ಗೇಟಿನ ಮುಂದೆ ಚರಂಡಿಯ ಚಪ್ಪಡಿ ಒಡೆದು ಅವರ ವಾಕರ್ ದಾಟುತ್ತಿರಲಿಲ್ಲ. ಸ್ವಂತ ಕಾಲಲ್ಲೇ ಚರ್ಚಿಗೆ ಹೋಗಬೇಕೆಂಬುದು ಅವರ ಹಟ, ಹೋಗಿ ತಿಂಗಳುಗಳಾಗಿದ್ದವು.

ಓಟು ಕೇಳಲು ಬಂದ ಕ್ಯಾಂಡಿಡೇಟ್ ನನ್ನ ಕಾಲಿಗೆ ಬಿದ್ದ. ಆ ಸೀಸನ್ನಿನಲ್ಲಿ ನಮ್ಮ ಏರಿಯಾದ ಮುದುಕಿಯರ ಪಾದಕ್ಕೆ ಸಖತ್ ಡಿಮ್ಯಾಂಡ್. "ಇಲ್ಲಲ್ಲಪ್ಪ, ಪಕ್ಕದ ರಸ್ತೇಲಿ ಬೀಳು" ಎಂದು ಅವನನ್ನು ಎಬ್ಬಿಸಿ ಸಿಸ್ಟರ್ ಹತ್ತಿರ ಕರೆದುಕೊಂಡು ಹೋದೆ. ಹಿಂದೆ ಫೋನ್ ಹಿಡಿದ ಪಟಾಲಂ.

ಸಿಸ್ಟರ್ ಅವನನ್ನು ಕುರ್ಚಿಯಲ್ಲಿ ಕೂರಿಸಿ ಬೇಸಿನ್ ತರಿಸಿದರು. "ಶೂಸ್ ಬಿಚ್ಚಪ್ಪ, ಕಾಲು ತೊಳೀತೀನಿ."

ಅವನು ಥಟ್ಟನೆ ಎದ್ದು ನಿಂತ. "ಬೇಡಮ್ಮ, ಪಾಪ ಬರುತ್ತೆ. ನಾಮಿನೇಷನ್ ಬೇರೆ ಹಾಕಿದೀನಿ."

"ಹಾಗಾದ್ರೆ ನೀನೇ ನನ್ನ ಕಾಲು ತೊಳಿ. ಆಮೇಲೆ ಆ ಚಪ್ಪಡಿ ನೋಡು."

ತೊಳೆದ, ಎಡಗಾಲು ಮಾತ್ರ. ಫೋಟೋ ಚೆನ್ನಾಗಿ ಬಂತೆಂದು ಪಟಾಲಂ ಸನ್ನೆ ಮಾಡಿತು. ಕೈ ಮುಗಿದು ಹೊರಟೇಬಿಟ್ಟ. ಚರಂಡಿಯನ್ನು ಒಂದೇ ನೆಗೆತಕ್ಕೆ ದಾಟಿದ, ಕೆಳಗೆ ನೋಡಲಿಲ್ಲ. ಯೇಸುವಿಗೆ ಫೋಟೋಗ್ರಾಫರ್ ಇರಲಿಲ್ಲ. ಪಾಪ, ಇಪ್ಪತ್ನಾಲ್ಕೂ ಪಾದ ತೊಳೆಯಬೇಕಾಯಿತು.

ಅವನು ಗೆದ್ದ. ಹೊಸ ಚಪ್ಪಡಿಯೂ ಬಂತು, ಸಿಸ್ಟರನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಆ ಚರಂಡಿ ದಾಟಿಸಿದ ಮೇಲೆ.

ನಾನು ಅವರ ಮುಖ ಕೊನೆಯ ಸಲ ನೋಡಿದ್ದು ಅವನು ಹೊರಟುಹೋದ ಆ ಮಧ್ಯಾಹ್ನವೇ. ಬಲಗಾಲು ಒಣಗಿಯೇ ಇತ್ತು. ನಾನು ಸೆರಗು ಸಿಕ್ಕಿಸಿ ನೆಲಕ್ಕಿಳಿದೆ.

"ಮತ್ತೆ ಏಳೋಕೆ ಆಗುತ್ತೇನೇ ನಿಂಗೆ?"

"ಡೌಟ್, ಸಿಸ್ಟರ್."

ಮಗ್ ಬೇಸಿನ್ನಿಗೆ ತಗಲಿತು. ಅವರು ನನ್ನ ಹಾಗೆ ಓಡಲಿಲ್ಲ. ಕಾಲನ್ನು ಇನ್ನಷ್ಟು ಮುಂದೆ ಚಾಚಿದರು.